ಹೊರಗಿನ ಕೊಳವೆಯ ಬಿಸಿ

ರೆಹಾನಾಳ ಲೆಕ್ಕ ಸರಿಯಿತ್ತು. ತಪ್ಪಿದ್ದದ್ದು ನನ್ನ ಲೆಕ್ಕ. ಅದು ನನಗೆ ಗೊತ್ತಿತ್ತು — ವರ್ಷಗಳಾದ ಮೇಲೆ ಹೊಳೆದದ್ದಲ್ಲ, ಬರಿಯ ಅನುಮಾನವೂ ಅಲ್ಲ. ಆ ದಿನವೇ, ಆ ಮೇಜಿನ ಮುಂದೆ ಕೂತಿದ್ದಾಗಲೇ ಗೊತ್ತಿತ್ತು. ಗೊತ್ತಿದ್ದೂ ಎಲ್ಲರೆದುರು ನನ್ನದೇ ಸರಿ ಎಂದೆ. ಹನ್ನೊಂದು ವರ್ಷ ಅದನ್ನೇ ನಡೆಸಿಕೊಂಡು ಬಂದೆ. ಇದನ್ನು ಬರೆಯಲು ಕೂತಾಗ ಈ ಮಾತು ಎಲ್ಲಕ್ಕಿಂತ ಮೊದಲು ಬರಬೇಕೆಂದು ನಿರ್ಧರಿಸಿದೆ. ಹಿಂದಿನದನ್ನು ಹೇಳುತ್ತ ಹೋದರೆ ನಡುವೆ ಎಲ್ಲಾದರೂ ನನ್ನ ಮೇಲೆ ನನಗೇ ಕನಿಕರ ಹುಟ್ಟೀತು. ಅದಕ್ಕೆ ಎಡೆ ಕೊಡಬಾರದು.

ನಾನು ಸುನಂದಾ. ವಿಜಯಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನನ್ನ ಮನೆ. ರೆಹಾನಾ ತಿಕೋಟಾದವಳು. ನಾವಿಬ್ಬರೂ ಪಿಎಚ್‌ಡಿಗೆ ಸೇರಿದ್ದು ಇಲ್ಲಿಂದ ಒಂದು ಹಗಲಿನ ಪ್ರಯಾಣದಷ್ಟು ದೂರದ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿ ನಮ್ಮ ಕಡೆಯ ಮಾತಾಡುವವರು ನಾವಿಬ್ಬರೇ. ಬಾಯಿ ತೆರೆದರೆ ಪಕ್ಕದ ಮೇಜಿನವರು ಮುಗುಳ್ನಗುತ್ತಿದ್ದರು. ಅದಕ್ಕೇ ಬೇಕೆಂದು ಇನ್ನಷ್ಟು ಜೋರಾಗಿ ಮಾತಾಡುತ್ತಿದ್ದೆವು. ಹಾಸ್ಟೆಲಿನಲ್ಲಿ ಒಂದೇ ಕೋಣೆ. ನನ್ನ ಅವ್ವ ಕಳಿಸಿದ ಶೇಂಗಾ ಚಟ್ನಿ, ಅವಳ ಮನೆಯ ಖಡಕ್ ರೊಟ್ಟಿ — ಯಾವುದು ಯಾರದೆಂದು ನೋಡಿದವರಲ್ಲ.

ನಮ್ಮ ಕೆಲಸ ಇಂಗಾಲದ ನ್ಯಾನೊ ಕೊಳವೆಗಳ ಮೇಲೆ. ಇಂಗಾಲದ ಪರಮಾಣುಗಳು ಜೇನುಗೂಡಿನ ಕಣ್ಣುಗಳ ಹಾಗೆ ಆರು ಮೂಲೆಯ ಜಾಲರಿಯಾಗಿ ಹೆಣೆದುಕೊಂಡು, ಆ ಜಾಲರಿ ಸುರುಳಿ ಸುತ್ತಿ ಕೊಳವೆಯಾಗುತ್ತದೆ. ತಲೆಗೂದಲಿಗಿಂತ ಹತ್ತಾರು ಸಾವಿರ ಪಟ್ಟು ತೆಳು. ಒಂದರೊಳಗೊಂದು ಕೂತ ಇಂಥ ಎರಡು ಕೊಳವೆಗಳಿವೆ ಎಂದುಕೊಳ್ಳಿ. ಒಳಗಿನದನ್ನು ಸ್ವಲ್ಪ ಹೊರಗೆಳೆದು ಬಿಟ್ಟರೆ ಹೊರಗಿನ ಕೊಳವೆ ಅದನ್ನು ತನ್ನೊಳಕ್ಕೆ ಸೆಳೆದುಕೊಳ್ಳುತ್ತದೆ. ಅದು ಬಂದ ರಭಸಕ್ಕೆ ಆಚೆ ತುದಿಯಿಂದ ಹೊರಚಾಚಿ ಮತ್ತೆ ಹಿಂದಿರುಗುತ್ತದೆ. ಜೋಕಾಲಿಯ ಹಾಗೆ. ಆ ಜೋಕಾಲಿ ಎಷ್ಟು ಬೇಗ ನಿಲ್ಲುತ್ತದೆ ಎಂಬುದರಿಂದ ಎರಡು ಗೋಡೆಗಳ ನಡುವೆ ಘರ್ಷಣೆ ಎಷ್ಟಿದೆ ಎಂದು ತಿಳಿಯುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಯಂತ್ರಗಳನ್ನು ಮಾಡಬೇಕೆನ್ನುವವರಿಗೆ ಆ ಉತ್ತರ ಬೇಕು. ನಾವು ಅದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದೆವು — ಒಂದೊಂದು ಪರಮಾಣುವನ್ನೂ ಎಲ್ಲಿದೆ, ಎತ್ತ ಹೊರಟಿದೆ ಎಂದು ಹಿಂಬಾಲಿಸುತ್ತ.

ನನ್ನ ಲೆಕ್ಕದಲ್ಲಿ ಜೋಕಾಲಿ ದಣಿಯಲೇ ಇಲ್ಲ. ಘರ್ಷಣೆ ಇದೆಯೋ ಇಲ್ಲವೋ ಎನ್ನುವಷ್ಟು ಕಡಿಮೆ. ಸರ್ — ನಮ್ಮಿಬ್ಬರ ಮಾರ್ಗದರ್ಶಕರು — ಮೂರು ದಿನ ಅದೇ ಗ್ರಾಫನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡಿದರು. ಸರ್ ಮತ್ತು ನಾನು ಪೇಪರ್ ಬರೆದೆವು. ಒಳ್ಳೆಯ ಪತ್ರಿಕೆಯೊಂದು ಒಪ್ಪಿಕೊಂಡಿತು. ಮೊದಲ ಹೆಸರು ನನ್ನದು. ಸುದ್ದಿ ಬಂದ ದಿನ ಎಲ್ಲರಿಗೂ ಪೇಢೆ ಹಂಚಿದವಳು ರೆಹಾನಾ.

ಅದೇ ಖುಷಿಯಲ್ಲಿ ರಜೆಗೆ ಊರಿಗೆ ಬಂದೆವು. ರೆಹಾನಾ ನನ್ನನ್ನು ತಿಕೋಟಾಕ್ಕೆ ಕರೆದೊಯ್ದಳು. ಅವಳ ತಂದೆ ದಸ್ತಗೀರ್ ಚಾಚಾ ದ್ರಾಕ್ಷಿ ತೋಟಗಳ ಬೋರ್‌ವೆಲ್ ಮೋಟರುಗಳನ್ನು ರಿಪೇರಿ ಮಾಡುವವರು. ಮನೆಯ ಮುಂಭಾಗವೇ ಅಂಗಡಿ. ಬಿಚ್ಚಿಟ್ಟ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಲೇ ನನ್ನನ್ನು ಮಾತಾಡಿಸಿದರು.

"ಏನೋ ದೊಡ್ಡದು ಕಂಡ ಹಿಡದೀಯಂತವ್ವಾ. ನಮಗೂ ತಿಳಿಯೂವಂಗ ಹೇಳು."

ಹೇಳಿದೆ. ಅವರು ಕೈ ನಿಲ್ಲಿಸಿ ಕೇಳಿದರು. ಆಮೇಲೆ ಅಂದರು, "ಒಂದಕ್ಕೊಂದು ತಿಕ್ಕಿದ ಮ್ಯಾಲ ಬಿಸಿ ಆಗಬೇಕಲ್ಲ. ಆ ಬಿಸಿ ಎಲ್ಲಿ ಹೋಗ್ತೈತಿ?"

"ಭಾಳ ಕಡಿಮಿ ಇರ್ತೈತ್ರಿ ಚಾಚಾ."

"ಕಡಿಮಿ ಇರಲಿ. ಹೊರಗಿನ ಕೊಳವಿಗೆ ಕೈ ಹಚ್ಚಿ ನೋಡೀಯೇನು?"

ನಾವಿಬ್ಬರೂ ನಕ್ಕೆವು. ಪರಮಾಣುವಿಗೆ ಕೈ ಹಚ್ಚುವುದೆಂದರೆ —! ಅವರೂ ನಕ್ಕು ತಂತಿ ಸುತ್ತತೊಡಗಿದರು.

ರಜೆ ಮುಗಿಸಿ ಹಿಂದಿರುಗಿದ ಮೇಲೆ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಹೊರಗಿನ ಕೊಳವೆಯ ಉಷ್ಣತೆಯನ್ನು ನಾನು ಬೇರೆಯಾಗಿ ನೋಡಿಯೇ ಇರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಫೈಲ್ ತೆರೆದು ನೋಡಿದೆ. ಸೊನ್ನೆ. ಕಡಿಮೆ ಅಲ್ಲ — ಸೊನ್ನೆ. ಅಂದರೆ ಅದರ ಒಂದು ಪರಮಾಣುವೂ ಅಲುಗಿರಲಿಲ್ಲ.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೊರಗಿನ ಕೊಳವೆ ಜಾಗ ಬಿಟ್ಟು ಜಾರಬಾರದೆಂದು ಅದರ ತುದಿಯ ಒಂದು ಬಳೆಯಷ್ಟು ಪರಮಾಣುಗಳನ್ನು ಮಾತ್ರ ಕದಲದಂತೆ ಹಿಡಿದಿಡುತ್ತೇವೆ. ಮೊದಲ ಪರೀಕ್ಷೆಗಳು ಬೇಗ ಮುಗಿಯಲೆಂದು ನಾನು ಇಡೀ ಕೊಳವೆಯನ್ನೇ ಹಿಡಿದಿಟ್ಟಿದ್ದೆ. ಆಮೇಲೆ ಆ ಒಂದು ಸಾಲನ್ನು ಬದಲಿಸಲು ಮರೆತಿದ್ದೆ. ಒಳಗಿನದು ತಿಕ್ಕಿದಾಗ ಹೊರಗಿನದರ ಪರಮಾಣುಗಳು ನಡುಗಬೇಕು. ಆ ನಡುಕವೇ ಬಿಸಿ. ಜೋಕಾಲಿಯ ಶಕ್ತಿ ಬಹುಪಾಲು ಸೋರಿ ಹೋಗುವುದು ಅಲ್ಲಿಗೇ. ನಡುಗಲು ಬಿಡದೆ ಕಟ್ಟಿಹಾಕಿದರೆ ಜೋಕಾಲಿ ಆಡುತ್ತಲೇ ಇರುತ್ತದೆ. ನಾನು ಕಂಡುಹಿಡಿದದ್ದು ಅಷ್ಟೇ — ನಾನೇ ಕಟ್ಟಿಹಾಕಿದ್ದನ್ನು.

ಸಾಲನ್ನು ತಿದ್ದಿ ಮತ್ತೆ ಲೆಕ್ಕಕ್ಕೆ ಹಚ್ಚಿದೆ. ಸೋಮವಾರ ಮಧ್ಯಾಹ್ನ ಉತ್ತರ ಬಂತು. ಜೋಕಾಲಿ ಬೇಗನೆ ನಿಂತುಬಿಟ್ಟಿತ್ತು.

ಇಲ್ಲಿಯವರೆಗಿನದು ಮರೆವು. ಯಾರಿಗಾದರೂ ಆಗಬಹುದಾದದ್ದು. ಇಲ್ಲಿಂದ ಮುಂದಿನದಕ್ಕೆ ಆ ಹೆಸರು ಸಲ್ಲುವುದಿಲ್ಲ. ಪೇಪರ್ ಇನ್ನೂ ಅಚ್ಚಾಗಿರಲಿಲ್ಲ. ಪತ್ರಿಕೆಗೆ ಒಂದು ಇಮೇಲ್ ಸಾಕಿತ್ತು. ಬರೆದೆ — ಎರಡು ಸಾಲು. ಕಳಿಸಲಿಲ್ಲ. ನಾಳೆ ಸರ್‌ಗೆ ಎದುರಿಗೇ ಹೇಳೋಣ ಎಂದುಕೊಂಡೆ.

ಮಂಗಳವಾರ ನಮ್ಮ ಗುಂಪಿನ ವಾರದ ಸಭೆ. ಅಂದು ಮೊದಲು ಮಾತಾಡಿದವಳು ರೆಹಾನಾ. ಬೇರೆ ಅಳತೆಯ ಕೊಳವೆಗಳ ಮೇಲೆ ಕೆಲಸ ಮಾಡುತ್ತಿದ್ದ ಅವಳು, ಹೋಲಿಸಲೆಂದು ನನ್ನ ಕೊಳವೆಯನ್ನೂ ಲೆಕ್ಕ ಹಾಕಿದ್ದಳು. ಪರದೆಯ ಮೇಲೆ ಅವಳ ಗ್ರಾಫ್ ಬಂತು. ಹಿಂದಿನ ಮಧ್ಯಾಹ್ನ ನಾನು ಒಬ್ಬಳೇ ಕೂತು ನೋಡಿದ್ದ ಗ್ರಾಫೇ ಅದು.

"ಸುನಂದಾನ ಉತ್ತರಕ್ಕೂ ನನ್ನ ಉತ್ತರಕ್ಕೂ ಭಾಳ ಫರಕ ಐತ್ರಿ ಸರ್. ನಾ ನಾಕ ಸಲ ಮಾಡಿ ನೋಡೇನಿ," ಎಂದಳು. ನನ್ನತ್ತ ನೋಡಿ ಒಂಚೂರು ನಕ್ಕಳು — ಬೇಜಾರ ಮಾಡ್ಕೋಬ್ಯಾಡ ಎನ್ನುವಂತೆ.

ಕೋಣೆಯಲ್ಲಿ ಏಳೆಂಟು ಜನರಿದ್ದರು. ಸರ್ ನನ್ನ ಕಡೆ ತಿರುಗಿದರು. "ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ ಅಂತ ಖಚಿತವಾಗಿ ಹೇಳ್ತೀರಾ?"

"ಹೇಳ್ತೀನಿ ಸರ್," ಎಂದೆ.

ಎರಡೇ ಮಾತು. ಹೆದರಿಕೆಯಾಯಿತು ಎಂದು ಬರೆಯಬಹುದು, ನಾಲಿಗೆ ತಾನಾಗಿ ಹೊರಳಿತು ಎಂದೂ ಬರೆಯಬಹುದು — ಯಾವುದೂ ನಿಜವಲ್ಲ. ಪ್ರಶ್ನೆ ಕೇಳಿಸಿತು, ಅರ್ಥವಾಯಿತು, ಯೋಚಿಸಿದೆ, ಹೇಳಿದೆ.

ಸರ್ ರೆಹಾನಾಳಿಗೆ ಮತ್ತೆ ಮಾಡಿ ನೋಡಲು ಹೇಳಿದರು. ಅವಳು ಮಾಡಿದಳು. ತಿಂಗಳುಗಟ್ಟಲೆ ಮಾಡಿದಳು. ಅವಳ ಮುಂದಿನ ಕೆಲಸವೆಲ್ಲ ನನ್ನ ಅಂಕಿಗಳ ಮೇಲೆ ನಿಲ್ಲಬೇಕಿತ್ತು. ಏನು ಮಾಡಿದರೂ ಹೊಂದುತ್ತಿರಲಿಲ್ಲ. ಒಂದು ದಿನ ನನ್ನ ಮೇಜಿನ ಬಳಿ ಬಂದು, "ನಿನ್ನ ಮೂಲ ಫೈಲ್ ಒಮ್ಮಿ ಕೊಡ ಬೇ. ಸಾಲಿಗೆ ಸಾಲು ಹಚ್ಚಿ ನೋಡ್ತೇನಿ," ಎಂದಳು. ಹಳೆಯ ಡಿಸ್ಕ್ ಕೆಟ್ಟು ಹೋಯಿತು, ಫೈಲ್ ಉಳಿದಿಲ್ಲ ಎಂದೆ. ಅವಳು ನಂಬಿದಳು. ಹಾಗಾದರೆ ತನ್ನದನ್ನಾದರೂ ನೋಡು ಎಂದು ಕೊಟ್ಟಳು. ಇಡೀ ಮಧ್ಯಾಹ್ನ ನೋಡಿದ ಹಾಗೆ ಮಾಡಿದೆ. ಅಚ್ಚುಕಟ್ಟಾದ ಕೆಲಸ — ಹಿಡಿದಿಡಬೇಕಾದ ಒಂದು ಬಳೆ ಪರಮಾಣು, ಉಳಿದದ್ದೆಲ್ಲ ಅಲುಗಲು ಬಿಟ್ಟದ್ದು. "ಎಲ್ಲಿ ತಪ್ಪೈತಿ ತಿಳೀವಲ್ದು," ಎಂದು ಹಿಂದಿರುಗಿಸಿದೆ.

ವರ್ಷದ ಕೊನೆಯ ವರದಿಯಲ್ಲಿ ಸರ್ ಅವಳ ಬಗ್ಗೆ, ಕೆಲಸದಲ್ಲಿ ಎಚ್ಚರ ಸಾಲದು ಎಂದು ಬರೆದರು. ಮುಂದುವರಿಸಲು ಶಿಫಾರಸು ಮಾಡಲಿಲ್ಲ. ಅವಳು ಸಾಮಾನು ಕಟ್ಟಿಕೊಂಡಳು. ಬಸ್ಸಿನವರೆಗೆ ಅವಳ ಚೀಲ ಹೊತ್ತವಳು ನಾನೇ.

ನನಗೆ ಪದವಿ ಬಂತು. ಆ ಪೇಪರಿನ ಬಲದ ಮೇಲೆ ವಿಜಯಪುರದಲ್ಲಿ ಕೆಲಸವೂ ಸಿಕ್ಕಿತು. ರೆಹಾನಾ ಬಬಲೇಶ್ವರದ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರ್ ಆದಳು ಎಂದು ಕೇಳಿದೆ. ಹಬ್ಬಕ್ಕೊಮ್ಮೆ ಫೋನಿನಲ್ಲಿ ಶುಭಾಶಯ ಕಳಿಸುತ್ತಿದ್ದಳು. ನಾನೂ ಕಳಿಸುತ್ತಿದ್ದೆ. ತಿಕೋಟಾ ಇಲ್ಲಿಂದ ಒಂದು ತಾಸಿನ ದಾರಿಯೂ ಅಲ್ಲ. ಹೋಗಲಿಲ್ಲ.

ಹೀಗೆಯೇ ಸಾಗಿಬಿಡುತ್ತಿತ್ತೇನೋ — ಈ ವರ್ಷ ಭಾಗ್ಯಶ್ರೀ ಬಾರದಿದ್ದರೆ.

ಭಾಗ್ಯಶ್ರೀ ನನ್ನ ಎಂಎಸ್ಸಿ ವಿದ್ಯಾರ್ಥಿನಿ. ದಿನಾ ಹೊನವಾಡದಿಂದ ಬಸ್ಸಿನಲ್ಲಿ ಬರುವವಳು. ತಾನಾಗಿಯೇ ನನ್ನ ಹಳೆಯ ಪೇಪರನ್ನು ಓದಿ, ಅದೇ ಲೆಕ್ಕವನ್ನು ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದಳು. ಬೇಡ ಎನ್ನಲು ನನ್ನ ಬಳಿ ಹೇಳಬಹುದಾದ ಕಾರಣವಿರಲಿಲ್ಲ. ಒಂದು ಶುಕ್ರವಾರ ವರದಿ ತಂದಿಟ್ಟಳು. ಅಂಕಿಗಳು ನನ್ನ ಪೇಪರಿನ ಅಂಕಿಗಳಿಗೆ ಹತ್ತಿರ ಹತ್ತಿರ ಕೂತಿದ್ದವು. ಹಾಗೆ ಕೂರಲು ಸಾಧ್ಯವೇ ಇಲ್ಲ ಎಂದು ಈ ಭೂಮಿಯ ಮೇಲೆ ಖಂಡಿತವಾಗಿ ಗೊತ್ತಿದ್ದವಳು ನಾನೊಬ್ಬಳೇ.

"ಇಷ್ಟ ಸರಿಯಾಗಿ ಹೆಂಗ ಬಂತು?" ಎಂದು ಕೇಳಿದೆ.

"ಮೊದಲ ಬಂದಿರಲಿಲ್ರಿ ಮೇಡಂ. ಲಗೂನ ನಿಂತ ಬಿಡತಿತ್ತು. ನಾನ ಏನೋ ತಪ್ಪ ಮಾಡಾಕತ್ತೇನಿ ಅಂತ ಅವನ್ನೆಲ್ಲ ತಗದ ಹಾಕಿದೆ. ಆಮ್ಯಾಲ ನಿಮ್ಮ ಗ್ರಾಫ್ ಮುಂದ ಇಟಗೊಂಡು ಹೊಂದಿಸೇನ್ರಿ."

ಅವಳ ಮುಖದಲ್ಲಿ ಕಳ್ಳತನವಿರಲಿಲ್ಲ. ನನ್ನನ್ನು ನಂಬಿದ್ದಳು, ಅಷ್ಟೇ. ಮತ್ತು ನಾನು — ಇದನ್ನೂ ಬರೆಯಲೇಬೇಕು — ಪೆನ್ನು ತೆಗೆದು ಆ ವರದಿಗೆ ಸಹಿ ಹಾಕಿದೆ. ಅವಳು ಬಸ್ಸು ಹಿಡಿಯಲು ಓಡಿದಳು.

ಸಹಿ ಒಣಗುವ ಮೊದಲೇ ತಿಳಿದಿತ್ತು, ಇದು ಹಳೆಯ ತಪ್ಪಿನ ಮುಂದುವರಿಕೆ ಅಲ್ಲ, ಹೊಸದು ಎಂದು. ಅಂದು ನನ್ನ ಸುಳ್ಳನ್ನು ನಾನೊಬ್ಬಳೇ ಹೇಳಿದ್ದೆ. ಈಗ ಸುಳ್ಳು ಎಂದೇ ಗೊತ್ತಿಲ್ಲದವಳ ಕೈಯಿಂದ ಹೇಳಿಸಿದ್ದೆ. ಅವಳು ತನ್ನ ಕಣ್ಣಾರೆ ಕಂಡ ಸರಿಯನ್ನು ತಾನೇ ಅಳಿಸಿಹಾಕಿದ್ದಳು, ನಾನು ಅದಕ್ಕೆ ಒಪ್ಪಿಗೆ ಕೊಟ್ಟಿದ್ದೆ.

ಸೋಮವಾರ ಅವಳನ್ನು ಕರೆದು, ತೆಗೆದುಹಾಕಿದ ಫಲಿತಾಂಶಗಳು ಇನ್ನೂ ಇವೆಯೇ ಎಂದು ಕೇಳಿದೆ. ಇವೆ ಎಂದಳು.

"ಅವ ಸರಿ. ನನ್ನ ಪೇಪರ್ ತಪ್ಪು. ಅದು ನನಗ ಗೊತ್ತೈತಿ."

"ಯಾವಾಗಿಂದ್ರಿ?"

"ಅಚ್ಚಾಗೂಕಿಂತ ಮೊದಲಿಂದ."

ಅವಳು ನನ್ನ ಮೇಜಿನ ಮೇಲಿದ್ದ ವರದಿಯನ್ನು ತನ್ನ ಕಡೆ ಎಳೆದುಕೊಂಡು, ಕೊನೆಯ ಪುಟ ತೆಗೆದಳು. "ಹಂಗಾರ ಶುಕ್ರವಾರ ಸಹಿ ಯಾಕ ಮಾಡಿದ್ರಿ ಮೇಡಂ?"

ಪೆನ್ನು ತೆಗೆದು ಆ ಸಹಿಯ ಮೇಲೆ ಗೀಟು ಎಳೆದೆ.

ಆ ವಾರವೇ ಪತ್ರ ಬರೆದೆ — ಪತ್ರಿಕೆಗೆ, ಪೇಪರ್ ಹಿಂತೆಗೆದುಕೊಳ್ಳಿ ಎಂದು. ಸಂಶೋಧನಾ ಕೇಂದ್ರಕ್ಕೆ, ನನ್ನ ಪದವಿಯನ್ನು ಮರುಪರಿಶೀಲಿಸಿ ಎಂದು. ಈಗ ನಿವೃತ್ತರಾಗಿರುವ ಸರ್‌ಗೆ, ಅಂದು ಏನು ಮುಚ್ಚಿಟ್ಟೆ ಎಂದು. ನಮ್ಮ ಪ್ರಿನ್ಸಿಪಾಲರಿಗೂ ಒಂದು ಪ್ರತಿ ಕೊಟ್ಟೆ. ಅವರು ಓದಿ ಕನ್ನಡಕ ತೆಗೆದರು. ಕೆಟ್ಟವರಲ್ಲ, ನನ್ನ ಒಳ್ಳೆಯದನ್ನೇ ಬಯಸಿ ಹೇಳಿದರು, "ಇಷ್ಟ ವರ್ಷ ಆದ ಮ್ಯಾಲ ಯಾರಿಗೆ ಬೇಕ್ರೀ ಇದು? ಆ ಪೇಪರ್ ಯಾರ ಓದತಾರ?"

"ಮೊನ್ನೆ ಒಬ್ಬಾಕಿ ಓದ್ಯಾಳ್ರಿ," ಎಂದೆ.

ಆಮೇಲೆ ಶನಿವಾರ ಬಬಲೇಶ್ವರಕ್ಕೆ ಹೋದೆ. ಶಾಲೆ ಅರ್ಧ ದಿನಕ್ಕೆ ಬಿಟ್ಟಿತ್ತು. ರೆಹಾನಾ ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ನನ್ನನ್ನು ಕಂಡು ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು. "ಏನ ಬೇ ಸುನಂದಾ, ದಾರಿ ತಪ್ಪಿ ಬಂದೀಯೇನು? ಕೂಡು, ಚಾ ತರಸ್ತೇನಿ."

ಅವಳಿಗೆ ನಿಜವಾಗಿ ಖುಷಿಯಾಗಿತ್ತು. ಅದನ್ನು ನೋಡಿ ಇನ್ನೊಂದು ದಿನ ಹೇಳಿದರಾಯಿತು ಎನ್ನಿಸಿತು — ಎನ್ನಿಸಿದ ಕೂಡಲೇ ಬಾಯಿ ತೆರೆದೆ.

"ಚಾ ಬ್ಯಾಡ. ಮೊದಲ ಇದನ್ನ ನೋಡು."

ಮೂರು ಕಾಗದ ಅವಳ ಮುಂದಿಟ್ಟೆ: ಹಳೆಯ ಫೈಲಿನ ಪ್ರಿಂಟು, ತಿದ್ದಿದ ಲೆಕ್ಕದ ಗ್ರಾಫು, ಪತ್ರಿಕೆಗೆ ಕಳಿಸಿದ ಪತ್ರ. ವಿವರಿಸುವ ಅಗತ್ಯ ಬೀಳಲಿಲ್ಲ. ಅವಳ ಬೆರಳು ಸಾಲುಗಳ ಮೇಲೆ ಇಳಿಯುತ್ತ ಬಂದು ಆ ಒಂದು ಸಾಲಿನಲ್ಲಿ ನಿಂತಿತು. ಗ್ರಾಫನ್ನು ಎತ್ತಿಕೊಂಡಳು. ಮೂಲೆಯಲ್ಲಿದ್ದ ವಾರ, ತಾರೀಖನ್ನು ಬಹಳ ಹೊತ್ತು ನೋಡಿದಳು.

"ಮೀಟಿಂಗ್ ಮಂಗಳವಾರ ಇತ್ತು. ಇದು ಸೋಮವಾರದ್ದು."

"ಹೂಂ."

"ನಾ ನಿನ್ನ ಫೈಲ್ ಕೇಳಿದ್ದೆ."

"ಡಿಸ್ಕ್ ಕೆಟ್ಟಿರಲಿಲ್ಲ. ಫೈಲ್ ನನ್ನ ಹಂತ್ಯಾಕ ಇತ್ತು."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಉತ್ತರ ಪತ್ರಿಕೆಗಳ ಕಟ್ಟನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಪ್ರತಿಯೊಂದರ ಮೇಲೂ ಒಟ್ಟು ಅಂಕದ ಪಕ್ಕ ಪೆನ್ಸಿಲಿನ ಮೂರು ಸಣ್ಣ ಗೀಟುಗಳಿದ್ದವು.

"ಒಂದೊಂದ ಪೇಪರ್ ಮೂರ ಸಲ ಕೂಡಸ್ತೇನಿ. ಬಾಕಿ ಟೀಚರಗೋಳು ನಗತಾರ. ಮನಿ ಕೀಲಿ ಹಾಕಿ ಬಸ್ ಸ್ಟಾಪಿಗೆ ಹೋಗಿ, ಹಾಕೇನೋ ಇಲ್ಲೋ ಅಂತ ತಿರುಗಿ ಬರ್ತೇನಿ. ಎಚ್ಚರ ಇಲ್ಲದಾಕಿ ನಾನು ಅಂತ ನಾನ ನಂಬೀನಿ, ಸುನಂದಾ. ಡಿಗ್ರಿ ಹೋತು, ಹೋಗಲಿ. ನನ್ನ ಕಣ್ಣಿಗೆ ಕಂಡದ್ದನ್ನ ನಾ ನಂಬದಂಗ ಮಾಡಿದಿ ನೀ."

"ನಾ ಕ್ಷಮಾ ಕೇಳಾಕ ಬಂದಿಲ್ಲ," ಎಂದೆ.

"ಕೇಳಬ್ಯಾಡ. ಕೊಡಾಕ ನನ್ನ ಹಂತ್ಯಾಕ ಇಲ್ಲ." ಕಾಗದಗಳನ್ನು ಮಡಚಿ ತನ್ನ ಚೀಲದಲ್ಲಿಟ್ಟುಕೊಂಡಳು. "ಅಬ್ಬಾನ ಮುಂದ ಬಂದು ಹೇಳು. ಇವತ್ತ. ಏನೂ ಬಿಡಲಾರದ."

ತಿಕೋಟಾ ಬಸ್ಸಿನಲ್ಲಿ ಅವಳು ಮುಂದಿನ ಸೀಟಿನಲ್ಲಿ ಕೂತಳು, ನಾನು ಹಿಂದೆ. ದಾರಿಯುದ್ದಕ್ಕೂ ಅವಳು ತಿರುಗಿ ನೋಡಲಿಲ್ಲ.

ದಸ್ತಗೀರ್ ಚಾಚಾರ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅಂಗಡಿ ಅದೇ, ಕೆಲಸವೂ ಅದೇ. ನನ್ನನ್ನು ಗುರುತಿಸಿ ಸ್ಟೂಲು ಸರಿಸಿದರು. ನಾನು ನಿಂತೇ ಹೇಳಿದೆ. ಹೊರಗಿನ ಕೊಳವೆಗೆ ಕೈ ಹಚ್ಚಿ ನೋಡು ಎಂದ ಅವರ ಮಾತಿನಿಂದಲೇ ನನಗೆ ತಪ್ಪು ತಿಳಿಯಿತೆಂದು ಹೇಳಿದೆ. ಅದು ಖಚಿತವಾದ ಮರುದಿನವೇ ಅವರ ಮಗಳೆದುರು ಸುಳ್ಳು ಹೇಳಿದೆನೆಂದು ಹೇಳಿದೆ. ಫೈಲಿನ ವಿಷಯ, ಸಹಿಯ ವಿಷಯ — ಯಾವುದನ್ನೂ ಬಿಡಲಿಲ್ಲ. ಅವರು ಕೈಯ ಎಣ್ಣೆಯನ್ನು ಬಟ್ಟೆಯಿಂದ ಒರೆಸಿಕೊಳ್ಳುತ್ತ ಕೇಳಿದರು. ಮುಗಿದ ಮೇಲೂ ಒರೆಸುತ್ತಲೇ ಇದ್ದರು.

ಬೈಗುಳಕ್ಕೆ ಸಿದ್ಧಳಾಗಿಯೇ ನಿಂತಿದ್ದೆ. ಆದರೆ ಅವರು ನನ್ನೊಂದಿಗೆ ಮಾತಾಡಲಿಲ್ಲ. ಮಗಳ ಕಡೆ ತಿರುಗಿದರು.

"ಊರಿಗೆ ಬಂದ ದಿನ ನೀ ನನಗ ಹೇಳಿದ್ದಿ. ಅಬ್ಬಾ, ನನ್ನ ಲೆಕ್ಕ ಸರಿ ಐತಿ ಅಂದಿದ್ದಿ. ನಾ ಏನಂದೆ?"

ರೆಹಾನಾ ಹೆಗಲ ಚೀಲವನ್ನು ಕೆಳಗಿಟ್ಟಳು.

"ಅಷ್ಟ ದೊಡ್ಡ ಸರ್ ತಪ್ಪ ಅಂದ ಮ್ಯಾಲ ತಪ್ಪ ಇದ್ದಿರಬೇಕು, ಸುಮ್ನ ಇರು ಅಂದೆ. ಆಮ್ಯಾಲ ನೀ ಆ ಮಾತ ತಗೀಲೇ ಇಲ್ಲ." ಅವರು ಎದ್ದು ಅವಳ ಹತ್ತಿರ ಹೋದರು. "ನನ್ನ ಮಗಳ ಮಾತ ನಾ ನಂಬಲಿಲ್ಲ. ಮಾಫ್ ಮಾಡವ್ವಾ."

ಆಗ ಅವಳು ಅತ್ತಳು. ಬಬಲೇಶ್ವರದಲ್ಲಿ ಬಾರದ ಅಳು. ತಂದೆಯ ತೋಳಿಗೆ ಹಣೆ ಹಚ್ಚಿ, ಸದ್ದಿಲ್ಲದೆ.

ಇದು ನನಗೆ ಗೊತ್ತಿರಲಿಲ್ಲ. ನಾನು ಮಾಡಿದ್ದೆಲ್ಲದರ ಪಟ್ಟಿ ನನ್ನ ಬಳಿ ಇದೆ ಎಂದುಕೊಂಡು ಹೋಗಿದ್ದೆ — ಪದವಿ, ಕೆಲಸ, ಒಂದು ವರ್ಷ, ಒಂದು ಹೆಸರು. ತಂದೆ ಮಗಳ ನಡುವೆ ಹನ್ನೊಂದು ವರ್ಷ ಕೂತಿದ್ದ ಈ ಮೌನ ಆ ಪಟ್ಟಿಯಲ್ಲಿರಲಿಲ್ಲ. ಹೋಗು ಎಂದು ಯಾರೂ ಹೇಳಲಿಲ್ಲ. ಅಲ್ಲಿ ನಿಲ್ಲುವುದು ಸರಿಯಲ್ಲವೆಂದು ತಿಳಿದು ನಾನೇ ಹೊರಬಂದೆ.

ಪತ್ರಿಕೆ ಪೇಪರನ್ನು ಹಿಂತೆಗೆದುಕೊಂಡಿದೆ. ಸಂಶೋಧನಾ ಕೇಂದ್ರ ಫೈಲುಗಳನ್ನೆಲ್ಲ ಕೇಳಿತು. ಕಳಿಸಿದ್ದೇನೆ, ರೆಹಾನಾಳ ಲೆಕ್ಕವೇ ಸರಿ ಎಂಬ ಲಿಖಿತ ಹೇಳಿಕೆಯ ಸಮೇತ. ಸರ್‌ ಅವರಿಂದ ಉತ್ತರ ಬಂದಿಲ್ಲ. ಕಾಲೇಜು ವಿಚಾರಣೆಗೆ ಸಮಿತಿ ಮಾಡಿದೆ; ನನ್ನ ಕೆಲಸ ಉಳಿಯುತ್ತದೆಯೋ ಇಲ್ಲವೋ ತಿಳಿಯದು. ಭಾಗ್ಯಶ್ರೀ ಬೇರೆ ಮಾರ್ಗದರ್ಶಕರ ಬಳಿ ಹೋಗಿದ್ದಾಳೆ, ಮೊದಲಿನ ಅಂಕಿಗಳನ್ನೇ ಇಟ್ಟುಕೊಂಡು. ಹೋಗುವ ಮೊದಲು ನನ್ನನ್ನು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ನಿನ್ನ ಲೆಕ್ಕವನ್ನು ಈಗ ನೀನೇ ಪ್ರಕಟಿಸು ಎಂದು ರೆಹಾನಾಳಿಗೆ ಕೇಂದ್ರದವರು ಬರೆದಿದ್ದಾರಂತೆ. ಅವಳು ಏನು ಮಾಡುತ್ತಾಳೋ ಗೊತ್ತಿಲ್ಲ. ಅವಳು ಕೇಳಿದರೆ ನನ್ನಲ್ಲಿರುವುದೆಲ್ಲ ಅವಳದು. ಕೇಳದಿದ್ದರೆ ನಾನಾಗಿ ಅವಳ ಬಾಗಿಲಿಗೆ ಹೋಗುವುದಿಲ್ಲ. ಸಮಿತಿ ಮುಂದಿನ ವಾರ ಕೂರುತ್ತದೆ. ಅಲ್ಲಿ ಓದಲು ಹೇಳಿಕೆ ಬರೆದುಕೊಂಡಿದ್ದೇನೆ. ಅದರಲ್ಲಿ ಮರೆವು ಎಂಬ ಶಬ್ದ ಒಂದು ಕಡೆ ಉಳಿದಿತ್ತು. ಇಂದು ಬೆಳಿಗ್ಗೆ ಅದನ್ನೂ ಹೊಡೆದುಹಾಕಿದೆ.